ಅಕ್ಕನ ಪದ್ಯ, ನನ್ನ ಹೆಗಲು

ನಮ್ಮ ಮದ್ದೂರಿನ ಟೈಲರ್ ರಾಮಣ್ಣನ ಕಣ್ಣು ತಪ್ಪಿಸುವುದು ಕಷ್ಟ. ಯಾರ ಸೊಂಟ ದಪ್ಪವಾಯಿತು, ಯಾರ ಕುತ್ತಿಗೆ ಸಣ್ಣಗಾಯಿತು ಎಂಬುದು ಡಾಕ್ಟರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಮೊನ್ನೆ ಹಳೆಯ ಅಂಗಿಯೊಂದಕ್ಕೆ ಗುಂಡಿ ಹಾಕಿಸಲು ಹೋಗಿದ್ದೆ. ಅವನು ಅಂಗಿಯನ್ನು ಬೆಳಕಿಗೆ ಹಿಡಿದ. ಬಲಗಡೆಯ ಹೆಗಲು ಜರಡಿಯ ಹಾಗೆ ಸವೆದು, ಅದರೊಳಗಿಂದ ಎದುರಿನ ಬೇಕರಿಯ ಬೋರ್ಡು ಕಾಣುತ್ತಿತ್ತು.

"ಏನಣ್ಣ ಇದು, ನಿನ್ನ ಎಲ್ಲಾ ಅಂಗೀದೂ ಬಲಗಡೆ ಹೆಗಲೇ ಸವೀತದಲ್ಲ? ನೊಗ ಗಿಗ ಹೊತ್ಕತಿದ್ದಾ?"

"ಇಲ್ಲ ಕಣ ರಾಮಣ್ಣ. ಅಕ್ಕ."

"ಅಕ್ಕನ್ನ ಹೊತ್ಕತಿದ್ದಾ?"

"ಅಲ್ಲ. ಇಂಗ್ಲಿಷ್ ಪದ್ಯ."

ಅವನು ಅಂಗಿಯನ್ನು ಮೆಲ್ಲಗೆ ಕೆಳಗಿಟ್ಟು ನನ್ನ ಮುಖ ನೋಡಿದ. ಅಕ್ಕ ಹೋದ ಮೇಲೆ ನಾನು ಸ್ವಲ್ಪ ಹೀಗಾಗಿದ್ದೇನೆ ಎಂದು ಬೀದಿಯಲ್ಲಿ ಮಾತು ಹುಟ್ಟಿರಬೇಕು. ಗುಂಡಿ ಹಾಕಿಕೊಟ್ಟು, ದುಡ್ಡು ಬೇಡವೆಂದು ಕೈ ಆಡಿಸಿದ.

ಅವನಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನಿಮಗೆ ಬಿಡುವಿದೆ ಎಂದುಕೊಂಡಿದ್ದೇನೆ. ಇಲ್ಲದಿದ್ದರೆ ಇಂಥದ್ದನ್ನು ಓದಲು ಕೂರುತ್ತಿರಲಿಲ್ಲ.

ನನ್ನ ಅಕ್ಕ ನಿಂಗಮ್ಮ ಮಳವಳ್ಳಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದಳು. ಇಂಗ್ಲಿಷ್ ಮೇಡಂ ಹೆಸರು ನಿಂಗಮ್ಮ ಎಂದು ಕೇಳಿ, ಹೊಸದಾಗಿ ಸೇರಿದ ಹುಡುಗರು ಮೊದಲ ದಿನ ನಗುತ್ತಿದ್ದರಂತೆ. ಎರಡನೆಯ ದಿನ ನಗುತ್ತಿರಲಿಲ್ಲವಂತೆ. ಅವಳು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮ್ಮ ಅಪ್ಪನಿಗೇ ಇರಲಿಲ್ಲ, ಇನ್ನು ನನಗೆಲ್ಲಿಂದ ಬರಬೇಕು? ನಾನು, ನನ್ನ ಹೆಂಡತಿ ಜಯ, ಅಕ್ಕ, ಮೂವರೂ ಮದ್ದೂರಿನ ಒಂದೇ ಮನೆಯಲ್ಲಿದ್ದೆವು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮಳವಳ್ಳಿಯಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುತ್ತೇನೆ. ಹೀಗಾಗಿ ದಿನಾ ಬೆಳಿಗ್ಗೆ ಒಂದೇ ಸ್ಕೂಟರಿನಲ್ಲಿ ಇಬ್ಬರೂ ಮಳವಳ್ಳಿಗೆ ಹೊರಡುತ್ತಿದ್ದೆವು, ಸಂಜೆ ಒಟ್ಟಿಗೆ ಮರಳುತ್ತಿದ್ದೆವು. ಮುಂದೆ ಎಸ್ಸೆಸ್ಸೆಲ್ಸಿ, ಹಿಂದೆ ಎಂ.ಎ.

ಅಕ್ಕನ ಕೈಗೂ ನನ್ನ ಬೆನ್ನಿಗೂ ಇದ್ದ ಸಂಬಂಧ ಈ ಸ್ಕೂಟರಿಗಿಂತ ಹಳೆಯದು. ಬೆಸಗರಹಳ್ಳಿಯ ಹತ್ತಿರದ ನಮ್ಮ ಊರಿನಲ್ಲಿ, ಜಗಲಿಯ ಮೇಲೆ ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿ ಅವಳು ಮಗ್ಗಿ ಕಲಿಸಿದಳು. ಗೋಡೆಗೆ ಯಾಕೆಂದರೆ, ಬೀದಿಗೆ ಮುಖ ಮಾಡಿದರೆ ನಾನು ಮಗ್ಗಿ ಬಿಟ್ಟು ಎಮ್ಮೆ ಎಣಿಸುತ್ತಿದ್ದೆ. ಉತ್ತರ ಬರುವ ಜಾಗದಲ್ಲಿ ಬೆನ್ನಿಗೊಂದು ಗುದ್ದು. ತಪ್ಪು ಹೇಳಿದ್ದಕ್ಕೆ ಎಂದುಕೊಳ್ಳಬೇಡಿ. ಸರಿ ಹೇಳಿದರೂ ಗುದ್ದುತ್ತಿದ್ದಳು, ಉತ್ತರ ಒಳಗೆ ಗಟ್ಟಿಯಾಗಿ ಕೂರಲಿ ಎಂದು. ಒಳಗೆ ರಾಗಿ ಬೀಸುತ್ತಿದ್ದ ಅವ್ವ ಕೂಗುತ್ತಿದ್ದಳು:

"ಯಾಕವ್ವ ನಿಂಗಿ, ಮಗೀನ ಬೆನ್ನ ತಮಟೆ ಮಾಡ್ಕಂಡಿದ್ದೀಯೆ?"

"ಇವನ ತಲೆಗೆ ದಾರಿ ಇರೋದೇ ಬೆನ್ನಿನ ಮೇಲೆ ಕಣವ್ವ."

ಈಗಲೂ ಅಂಗಡಿಯಲ್ಲಿ ತಂತಿಯ ಸುತ್ತು ಲೆಕ್ಕ ಹಾಕುವಾಗ, ಏಳೆಂಟ್ಲ ಐವತ್ತಾರು ಎನ್ನುವ ಹೊತ್ತಿಗೆ ನನ್ನ ಬೆನ್ನು ತಾನಾಗಿಯೇ ಸೆಟೆದುಕೊಳ್ಳುತ್ತದೆ. ಗಿರಾಕಿಗಳು ಕರೆಂಟು ಹೊಡೆಯಿತೇ ಎಂದು ಕೇಳಿದ್ದೂ ಉಂಟು.

ಅಕ್ಕನಿಗೆ ಪ್ರಾಣವಾಗಿದ್ದದ್ದು ವಿಕ್ಟೋರಿಯಾ ರಾಣಿಯ ಕಾಲದ ಪದ್ಯಗಳು. ಪದ್ಯಗಳು ಎನ್ನುವುದಕ್ಕಿಂತ ಅವುಗಳ ನಡಿಗೆ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಇಂಗ್ಲಿಷಿನವರು ಒಂದು ಪದದಲ್ಲಿ ಒಂದು ಕಡೆ ಭಾರ ಹಾಕುತ್ತಾರೆ, ಉಳಿದ ಕಡೆ ಹಗುರವಾಗಿ ತೇಲಿಸಿಬಿಡುತ್ತಾರೆ. ಆ ಭಾರ ಹಗುರಗಳು ಯಾವ ಕ್ರಮದಲ್ಲಿ ಬರುತ್ತವೆ ಎಂಬುದರ ಮೇಲೆ ಪದ್ಯ ನಡೆಯುತ್ತದೆ. ಮೊದಲು ಹಗುರ, ಆಮೇಲೆ ಭಾರ ಬಂದರೆ ಅಯಾಂಬ್. ಮೊದಲು ಭಾರ, ಆಮೇಲೆ ಹಗುರ ಬಂದರೆ ಟ್ರೋಕಿ. ಒಂದು ಭಾರದ ಹಿಂದೆ ಎರಡು ಹಗುರ ಓಡಿಬಂದರೆ ಡ್ಯಾಕ್ಟಿಲ್. ಹೀಗೆ ಇನ್ನೂ ಇವೆ. ಔಷಧಿ ಅಂಗಡಿಯಲ್ಲಿ ಕೇಳಿದರೆ ಕೊಟ್ಟಾರು ಅನ್ನಿಸುವಂಥ ಹೆಸರುಗಳು.

ಪಾಠಕ್ಕೆ ಹೋಗುವ ಮೊದಲು ಅಕ್ಕ ಆ ದಿನದ ಪದ್ಯವನ್ನು ಸ್ಕೂಟರಿನ ಮೇಲೆ ತಯಾರು ಮಾಡಿಕೊಳ್ಳುತ್ತಿದ್ದಳು. ಪುಸ್ತಕ ಬ್ಯಾಗಿನಲ್ಲಿ, ಪದ್ಯ ಬಾಯಲ್ಲಿ, ತಾಳ ನನ್ನ ಬಲ ಹೆಗಲ ಮೇಲೆ. ಹಗುರಕ್ಕೆ ತೋರುಬೆರಳ ತುದಿ, ಭಾರಕ್ಕೆ ಇಡೀ ಅಂಗೈ. ಈ ವ್ಯವಸ್ಥೆಯನ್ನು ಅವಳು ನನಗೆ ಮೊದಲೇ ತಿಳಿಸಿರಲಿಲ್ಲ. ಮೊದಲ ದಿನ ಕೆ.ಎಂ. ದೊಡ್ಡಿಯ ಹತ್ತಿರ, ಕಬ್ಬಿನ ಗಾಡಿಗಳ ನಡುವೆ ನುಸುಳಿಕೊಂಡು ಹೋಗುತ್ತಿದ್ದಾಗ ಹೆಗಲ ಮೇಲೆ ಧಡ್ ಎಂದು ಬಿತ್ತು. ನಾನು ಗಕ್ಕನೆ ಬ್ರೇಕು ಹಾಕಿದೆ.

"ಯಾಕ್ಲಾ ನಿಲ್ಸ್‌ಬುಟ್ಟೆ?"

"ನೀನೇ ಗುದ್ದುದ್ಯಲ್ಲಕ್ಕ."

"ಅದು ನಿಂಗಲ್ಲ ಕಣ್ಲಾ. ಪದ್ಯಕ್ಕೆ."

"ಪದ್ಯಕ್ಕೆ ಗುದ್ದುದ್ರೆ ನಂಗ್ಯಾಕೆ ನೋಯ್ತದೆ?"

"ನಡಿ ನಡಿ, ಫಸ್ಟ್ ಪೀರಿಯಡ್ಡು ನಂದೇ."

ಸ್ವಲ್ಪ ದೂರ ಹೋದೆ. ಮತ್ತೆ ಗುದ್ದು. ಕೈ ತಾನಾಗಿ ಬ್ರೇಕಿಗೆ ಹೋಯಿತು. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನವನು ಪಕ್ಕಕ್ಕೆ ತಿರುಗಿಸಿ, ನಮ್ಮ ವಂಶದ ಬಗ್ಗೆ ತನಗೆ ತಿಳಿದದ್ದನ್ನು ಹೇಳಿ ಮುಂದೆ ಹೋದ. ಅಕ್ಕನಿಗೆ ಕೋಪ ಬಂದಿರಬಹುದೆಂದು ನಾನು ಹೆದರಿ ತಿರುಗಿ ನೋಡಿದರೆ, ಅವಳ ಮುಖದಲ್ಲಿ ಲಾಟರಿ ಹೊಡೆದ ಕಳೆ.

"ಕೇಳ್ದಾ ಚಂದ್ರ? ಎಂಗೆ ಭಾರ ಹಾಕ್ದ! ಒಂದಾದ್ರೂ ತಪ್ತಾ? ನಮ್ ಹುಡುಗ್ರಿಗೆ ವರ್ಷವೆಲ್ಲಾ ಹೇಳಿದ್ರೂ ಬರಲ್ಲ ಕಣ್ಲಾ."

ಆವತ್ತೇ ಒಪ್ಪಂದವಾಯಿತು. ಗುದ್ದಿದರೆ ಪದ್ಯ; ನಿಲ್ಲಿಸಬೇಕಾದರೆ ಕಾಲರು ಹಿಡಿದು ಎಳೆಯುವುದು. ಹೀಗೆ ನನ್ನ ಅಂಗಿಗಳ ಕಾಲರೂ ಹೋದವು, ಆದರೆ ಆ ವಿಷಯ ರಾಮಣ್ಣ ಇನ್ನೂ ಎತ್ತಿಲ್ಲ.

ಟ್ರ್ಯಾಕ್ಟರಿನವನು ಕೊಟ್ಟ ಬೆಳಕಿನಲ್ಲಿ ಅಕ್ಕ ಕಾಲೇಜಿನಲ್ಲಿ ಒಂದು ಹೊಸ ವಿಧಾನ ಶುರು ಮಾಡಿದಳು. ಅದಕ್ಕೆ ಮೊದಲು ಅವಳ ಕಷ್ಟ ಏನಿತ್ತೆಂದು ಹೇಳಬೇಕು. ಪದ್ಯದ ನಡಿಗೆ ಗುರುತಿಸಿ ಎಂದರೆ ಹುಡುಗರು ಹೈಸ್ಕೂಲಿನ ಕನ್ನಡ ಮೇಷ್ಟ್ರು ಕಲಿಸಿದ ಹಾಗೆ ಪ್ರಸ್ತಾರ ಹಾಕುತ್ತಿದ್ದರು. ಇಂಗ್ಲಿಷಿನ ಭಾರ ಹಗುರ ಬಿಟ್ಟು, ನಮ್ಮ ಪದ್ಯಕ್ಕೆ ಹಾಕುವಂತೆ ಅಕ್ಷರದ ಉದ್ದ ಗಿಡ್ಡ ನೋಡಿ, ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಮಾತ್ರೆ ಎಣಿಸಿ, ಗಣ ಒಡೆದು, ಕೆಳಗೆ ಗೆರೆ ಎಳೆದು ತರುತ್ತಿದ್ದರು. ಒಬ್ಬ ಹುಡುಗಿಯಂತೂ ವಿಕ್ಟೋರಿಯಾ ಕಾಲದ ಪದ್ಯವೊಂದನ್ನು ಭಾಮಿನಿ ಷಟ್ಪದಿ ಎಂದು ಸಾಧಿಸಿದ್ದಳು. ಲೆಕ್ಕಕ್ಕೆ ಹೊಂದದ ಕಡೆ ಕವಿಯನ್ನೇ ತಿದ್ದಿ ಹೊಂದಿಸಿದ್ದಳು. ಅಕ್ಕ ಆ ಹಾಳೆ ಹಿಡಿದು ಊಟದ ಹೊತ್ತಿನಲ್ಲೂ ಒದ್ದಾಡಿದಳು.

"ಸೊನ್ನೆ ಕೊಡ್ಬೇಕು ಕಣ್ಲಾ. ಆದ್ರೆ ಎಷ್ಟು ನಿಯತ್ತಾಗಿ ತಪ್ಪು ಮಾಡವ್ಳೆ ನೋಡು. ಕೈ ಬರ್ತಿಲ್ಲ."

ಇನ್ನೊಂದು ಕಷ್ಟ ನಮ್ಮ ನಾಲಿಗೆಯದು. ನಾವು ಯಾವ ಪದ ಸಿಕ್ಕಿದರೂ ಅದರ ನೆತ್ತಿಯ ಮೇಲೆ ಭಾರ ಹಾಕಿ, ಉಳಿದದ್ದನ್ನು ಹಾಗೇ ಬಿಡುವವರು. ಅಕ್ಕ ಅದನ್ನು ಲೆಕ್ಕ ಹಾಕಿಟ್ಟಿದ್ದಳು. ಕೆಂಪ, ಮಾದ, ಸಿದ್ದ, ಪುಟ್ಟ, ಎಲ್ಲ ಟ್ರೋಕಿ. ಮಂಡ್ಯ ಟ್ರೋಕಿ. ಮದ್ದೂರು ಡ್ಯಾಕ್ಟಿಲ್. "ಮಳವಳ್ಳಿ?" ಎಂದು ಕೇಳಿದ್ದೆ ಒಂದು ದಿನ. "ಎರಡು ಟ್ರೋಕಿ ಕಣ್ಲಾ. ಒಂದು ಹೋಗಕ್ಕೆ, ಒಂದು ಬರಕ್ಕೆ" ಎಂದಳು.

ಹೊಸ ವಿಧಾನ ಏನೆಂದರೆ, ಬೈಗುಳ. "ಬೈಯುವಾಗ ನಿಮ್ಮ ಬಾಯಲ್ಲಿ ಭಾರ ಎಲ್ಲಿ ಬೀಳಬೇಕೋ ಅಲ್ಲಿ ಬೀಳುತ್ತೆ. ಹಾಗೇ ಓದಿ" ಎಂದು ಅಕ್ಕ ತರಗತಿಯಲ್ಲಿ ಹೇಳಿದಳು. ಆ ದಿನದ ಪದ್ಯ, ಹಡಗಿನಲ್ಲಿ ಹೋದ ಮಗ ಮರಳಿ ಬರಲಿಲ್ಲವೆಂದು ತಾಯಿಯೊಬ್ಬಳು ಸಮುದ್ರದ ದಡದಲ್ಲಿ ನಿಂತು ಅಳುವುದು. ಓದಲು ಎದ್ದವನು ಮಂಜುನಾಥ ಎಂಬ ಹುಡುಗ, ಹಲಗೂರು ಕಡೆಯವನು, ಗಂಟಲು ದೊಡ್ಡದು. ಪಕ್ಕದ ಹೊಲದವನ ಎಮ್ಮೆ ತನ್ನ ಭತ್ತಕ್ಕೆ ಬಿದ್ದಿದೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡು ಅವನು ಆ ತಾಯಿಯ ದುಃಖವನ್ನು ಓದತೊಡಗಿದ. ಒಂದು ಭಾರವೂ ತಪ್ಪಲಿಲ್ಲವಂತೆ. ಇಡೀ ತರಗತಿ ಅವನ ಜೊತೆ ಡೆಸ್ಕು ಗುದ್ದಿತಂತೆ. ಪ್ರಿನ್ಸಿಪಾಲರು ಓಡಿಬಂದರು.

"ಯಾರಿಗ್ರೀ ಮೇಡಂ ಇವನು ಬೈತಿರೋದು?"

"ಸಮುದ್ರಕ್ಕೆ ಸಾರ್."

ಇದೇ ಮಂಜುನಾಥ ಇನ್ನೊಂದು ದಿನ ಎದ್ದು ನಿಂತು ಒಂದು ದೂರು ಕೊಟ್ಟನಂತೆ. "ಮೇಡಂ, ಈ ಕವಿ ಮೊದಲ್ನೇ ಸಾಲಿಗೆ ನಾಲ್ಕು ಭಾರ ಹಾಕವ್ನೆ. ಎರಡನೇ ಸಾಲಿಗೆ ಮೂರೇ ಹಾಕವ್ನೆ. ಮೂರ್ನೇದಕ್ಕೆ ನಾಲ್ಕು, ಆಮೇಲೆ ಪುನಾ ಮೂರು. ಎರಡು ಕಡೆ ಒಂದೊಂದು ನುಂಗ್ಬುಟ್ಟವ್ನೆ." ಅಕ್ಕ ಇದನ್ನು ಮನೆಯಲ್ಲಿ ಅವನ ದನಿಯಲ್ಲೇ ಹೇಳಿ ತೋರಿಸಿದಳು. ಜಯ ಸಾರಿನ ಸೌಟು ಹಿಡಿದುಕೊಂಡೇ ನಕ್ಕಳು. ಅಕ್ಕ ಅವನಿಗೆ ಏನು ಉತ್ತರ ಕೊಟ್ಟಳೆಂದು ನಾವು ಕೇಳಲಿಲ್ಲ. ನಗುವುದರಲ್ಲಿ ಊಟ ಮುಗಿದಿತ್ತು.

ಆಮೇಲೆ ಹಿಂದೆ ಕೂತವರಿಗೂ ಹೆಲ್ಮೆಟ್ಟು ಬೇಕು ಎಂದಾಯಿತು. ಅಕ್ಕನ ಹೆಲ್ಮೆಟ್ಟು, ನನ್ನ ಹೆಲ್ಮೆಟ್ಟು, ನಡುವೆ ಗಾಳಿ. ಅವಳ ಬಾಯಲ್ಲಿದ್ದ ಪದ್ಯ ನನಗೆ ಕೇಳಿಸುವುದು ನಿಂತುಹೋಯಿತು, ಹೆಗಲ ಮೇಲಿನದು ಮಾತ್ರ ಉಳಿಯಿತು. ಮೊದಲಾದರೂ ಅರ್ಥವಾಗುತ್ತಿರಲಿಲ್ಲ ಬಿಡಿ. ಆದರೆ ಅಷ್ಟು ವರ್ಷದಲ್ಲಿ ನನ್ನ ಹೆಗಲಿಗೆ ಒಂದು ಬಗೆಯ ಓದು ಬಂದಿತ್ತು. ಅಯಾಂಬ್ ದಿನಗಳಲ್ಲಿ ಸ್ಕೂಟರು ಸಮವಾಗಿ ಹೋಗುತ್ತಿತ್ತು. ಡ್ಯಾಕ್ಟಿಲ್ ದಿನಗಳಲ್ಲಿ ನನಗೆ ಗೊತ್ತಿಲ್ಲದೆ ವೇಗ ಹೆಚ್ಚುತ್ತಿತ್ತು. ರಸ್ತೆಯ ಉಬ್ಬುಗಳಲ್ಲಿ ಒಂದು ಭಾರ ಹೆಚ್ಚಾಗಿ ಬಿದ್ದರೆ, "ಪದ್ಯ ಕೆಡಿಸ್ದೆ" ಎಂದು ಅಕ್ಕ ನನಗೇ ಬೈಯುತ್ತಿದ್ದಳು. ರಸ್ತೆ ಮಾಡಿದವರನ್ನು ಕೇಳು ಎನ್ನುತ್ತಿದ್ದೆ. ನಡುವೆ ಒಂದೊಂದು ದಿನ ಸುಮ್ಮನೆ ಕೈ ಇಟ್ಟುಕೊಂಡು ಕೂತಿರುತ್ತಿದ್ದಳು. ಆ ದಿನ ಹುಡುಗರಿಗೆ ಪರೀಕ್ಷೆ ಎಂದು ತಿಳಿದುಕೊಳ್ಳುತ್ತಿದ್ದೆ.

ಕೊನೆಯ ವರ್ಷ, ಮನೆಗೆ ಮರಳುವ ದಾರಿಯಲ್ಲಿ, ಅವಳ ಕೈ ಒಂದೇ ನಡಿಗೆಯನ್ನು ಹಿಡಿದಿತ್ತು. ಬೆಳಿಗ್ಗೆ ಏನೇ ಇರಲಿ, ಸಂಜೆ ಮಾತ್ರ ಅದೇ. ಪಾಠಕ್ಕಲ್ಲ, ಪಾಠ ಮುಗಿದಿರುತ್ತಿತ್ತು. ಯಾವ ಪದ್ಯ ಅಕ್ಕ ಅದು, ಎಂದು ಒಂದು ಮಾತು ಕೇಳಬಹುದಿತ್ತು. ನನಗೆ ತೋಚಲಿಲ್ಲ. ದಿನಾ ಬರುವುದನ್ನು ಯಾರು ಕೇಳುತ್ತಾರೆ?

ಹೋದ ಆಷಾಢದಲ್ಲಿ ಅಕ್ಕನಿಗೆ ಜ್ವರ ಬಂತು. ಒಂದು ಬೆಳಿಗ್ಗೆ ಜಯಳನ್ನು ಕರೆದು ಕಾಫಿ ಕೇಳಿದಳು. ಕಾಫಿ ತರುವಷ್ಟರಲ್ಲಿ ಇರಲಿಲ್ಲ.

ಆಮೇಲೆ ಮೊದಲ ಸಲ ಒಬ್ಬನೇ ಮಳವಳ್ಳಿಗೆ ಹೋದ ದಿನ ಸ್ಕೂಟರು ಹಗುರವಾಗಿ, ಮುಂದಿನ ಚಕ್ರ ಹೇಳಿದ ಮಾತು ಕೇಳದ ಹಾಗೆ ಆಡಿತು. ಹೆಗಲಿಗೆ ಚಳಿ ಹಿಡಿಯಿತು. ಕೆಲವು ತಿಂಗಳು ಆ ಸಂಜೆಯ ನಡಿಗೆ ನನ್ನ ಹೆಗಲಿನಲ್ಲಿ ಇತ್ತು, ತಾನಾಗಿಯೇ ಬರುತ್ತಿತ್ತು. ಆಮೇಲೆ ಒಂದು ದಿನ ನೆನಪು ಮಾಡಿಕೊಳ್ಳಬೇಕಾಯಿತು. ಇನ್ನೊಂದು ದಿನ ನೆನಪು ಮಾಡಿಕೊಂಡರೂ ನಡುವೆ ಎಲ್ಲೋ ತಪ್ಪಿತು. ನನಗೆ ಗಾಬರಿಯಾಯಿತು. ಅಕ್ಕನ ಮುಖಕ್ಕೆ ಫೋಟೋ ಇದೆ. ದನಿ ಫೋನಿನಲ್ಲಿದೆ, "ಚಂದ್ರ, ಬರೋವಾಗ ಮೊಸರು ತಗಂಡು ಬಾರ್ಲಾ" ಎಂದು. ಕೈಗೆ ಏನೂ ಇಲ್ಲ. ಅವಳ ಕೈ ನನ್ನ ಹೆಗಲಿನಲ್ಲಿ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಉಳಿದಿಲ್ಲ. ಅದೂ ಸವೆಯುತ್ತಿತ್ತು.

ಯಾವ ಪದ್ಯ ಎಂದು ಗೊತ್ತಾದರೆ, ಬೇಕಾದಾಗ ಯಾರಿಂದಲಾದರೂ ಓದಿಸಿಕೊಂಡು ಅದನ್ನು ಮರಳಿ ಪಡೆಯಬಹುದು ಎಂದು ನನ್ನ ಲೆಕ್ಕ. ಅಕ್ಕನ ಪುಸ್ತಕಗಳನ್ನು ತೆಗೆದು ನೋಡಿದೆ. ಎಲ್ಲಾ ಪದ್ಯಗಳ ನೆತ್ತಿಯ ಮೇಲೂ ಪೆನ್ಸಿಲ್ ಗುರುತು. ಇರುವೆ ಸಾಲು ಹೋದ ಹಾಗೆ. ನನಗೆ ಏನು ತಿಳಿಯಬೇಕು? ಊಟಕ್ಕೆ ಕೂತಾಗ ತಟ್ಟೆಯ ಅಂಚಿನ ಮೇಲೆ ಬೆರಳಲ್ಲಿ ಬಾರಿಸಿ ನೋಡುತ್ತಿದ್ದೆ, ಬಾಗಿಲ ಮೇಲೆ, ಸಿಲಿಂಡರಿನ ಮೇಲೆ. ಒಂದು ರಾತ್ರಿ ಊಟದಲ್ಲಿ ಜಯ ಸೌಟು ಕೆಳಗಿಟ್ಟಳು.

"ರೀ, ತಟ್ಟೆ ಕುಟ್ಟೋದ ಬುಡಿ. ಮಂಡ್ಯದಲ್ಲಿ ಆ ಮಂಜುನಾಥ ಇಲ್ವಾ, ಸಮುದ್ರಕ್ಕೆ ಬೈದವ್ನು? ಈಗ ಅವ್ನೂ ಇಂಗ್ಲಿಷ್ ಲೆಕ್ಚರರಂತೆ. ಅತ್ಗೆಮ್ಮನ ಮಣ್ಣಿಗೂ ಬಂದಿದ್ದ. ಓಗಿ ಅವನ್ನ ಕುಟ್ಟಿ."

ಅವಳು ಕೋಪದಲ್ಲಿ ಹೇಳಿದ ಮಾತೇ ನನಗೆ ದಾರಿಯಾಯಿತು.

ಮಂಜುನಾಥ ಈಗ ಮಂಡ್ಯದ ಒಂದು ಕಾಲೇಜಿನಲ್ಲಿದ್ದಾನೆ. ಹೊಟ್ಟೆ ಬಂದಿದೆ, ಕನ್ನಡಕ ಬಂದಿದೆ, ಗಂಟಲು ಮಾತ್ರ ಹಾಗೇ ಇದೆ. ನನ್ನನ್ನು ಕಂಡವನೇ ಎದ್ದು ನಿಂತು, "ಬನ್ನಿ ಅಣ್ಣ, ಮೇಡಂ ಮನೆಯವರು ಬಂದ್ರೆ ನಾನು ಕೂತ್ಕಳಕ್ಕಾಯ್ತದಾ?" ಎಂದು ತನ್ನ ಕುರ್ಚಿಯನ್ನೇ ಕೊಟ್ಟ. ವಿಷಯ ಹೇಳಿದೆ. ಅವನು ನಗಲಿಲ್ಲ. ಅದಕ್ಕೇ ನನಗೆ ಅರ್ಧ ಸಮಾಧಾನವಾಯಿತು.

"ಬಾರಿಸಿ ಅಣ್ಣ, ಹೇಳ್ತೀನಿ."

ಮೇಜಿನ ಮೇಲೆ ಬಾರಿಸಿದೆ. ಅಟೆಂಡರು ಬಾಗಿಲು ತೆಗೆದು, "ಕರುದ್ರಾ ಸಾ?" ಎಂದ. ಇಲ್ಲ ಎಂದು ಮಂಜುನಾಥ ಕಳಿಸಿದ. ಮತ್ತೆ ಬಾರಿಸಿದೆ. ಮತ್ತೆ ಬಂದ. ಈ ಸಲ ಕಾಫಿ ತಂದಿದ್ದ.

"ಮೇಜಿನ ಮೇಲೆ ಬತ್ತಾ ಇಲ್ಲ ಕಣ ಮಂಜುನಾಥ. ಹೆಗಲು ಬೇಕು."

"ಎಂಥಾ ಹೆಗಲಣ್ಣ?"

"ಯಾರದಾದ್ರೂ ಆಯ್ತದೆ."

ಅವನು ಕನ್ನಡಕ ತೆಗೆದಿಟ್ಟು ಗೋಡೆಗೆ ಮುಖ ಮಾಡಿ ಕೂತ. ನಾನು ಹಿಂದೆ ನಿಂತು ಅವನ ಬಲ ಹೆಗಲ ಮೇಲೆ ಕೈ ಇಟ್ಟೆ. ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿನಿ ಅಸೈನ್‌ಮೆಂಟು ಹಿಡಿದು ಒಳಗೆ ಬಂದವಳು, ಗೋಡೆಗೆ ತಿರುಗಿ ಕೂತ ತನ್ನ ಮೇಷ್ಟ್ರನ್ನೂ, ಅವರ ಹೆಗಲು ತಟ್ಟುತ್ತಿರುವ ಅಪರಿಚಿತನನ್ನೂ ನೋಡಿ, ಏನೋ ಗಂಭೀರ ಸಂಗತಿ ನಡೆದಿದೆ ಎಂದುಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಹೊರಗೆ ಹೋದಳು. ನಡಿಗೆ ಮಾತ್ರ ಬರಲಿಲ್ಲ. ನಾಲ್ಕು ಭಾರ ಬರುತ್ತಿತ್ತು, ಆಮೇಲೆ ಕೈ ದಾರಿ ತಪ್ಪುತ್ತಿತ್ತು.

"ಸ್ಕೂಟರ್ ಮೇಲಾದ್ರೆ ಬತ್ತದೇನೋ" ಎಂದೆ ನಾಚಿಕೊಂಡು.

"ಅಂಗಾರೆ ನಡೀರಿ ಅಣ್ಣ, ವಿ.ಸಿ. ಫಾರಂ ಕಡೆ ಒಂದು ರೌಂಡ್ ಓಗ್ಬರೋಣ."

ನನ್ನ ಸ್ಕೂಟರನ್ನು ಅವನೇ ಓಡಿಸಿದ, ಆದರೆ ಕಾರು ಕೊಂಡು ಸ್ಕೂಟರು ಮರೆತಿದ್ದ. ಕಾಲೇಜಿನ ಗೇಟು ದಾಟುವಷ್ಟರಲ್ಲಿ ಎರಡು ಸಲ ನಿಂತುಹೋಯಿತು, ಹುಡುಗರು ತಳ್ಳಿಕೊಟ್ಟರು. ನಾನು ಹಿಂದೆ ಗಂಡಸರ ಹಾಗೆ ಕೂತಿದ್ದೆ. ಬಾರಿಸಿದೆ, ಬರಲಿಲ್ಲ. ಆಗ ಹೊಳೆಯಿತು: ಅಕ್ಕ ಸೀರೆ ಉಡುತ್ತಿದ್ದವಳು, ಒಂದೇ ಪಕ್ಕಕ್ಕೆ ಕಾಲು ಬಿಟ್ಟು ಕೂರುತ್ತಿದ್ದಳು. ಕೈ ಹೆಗಲಿಗೆ ಓರೆಯಾಗಿ ಬರುತ್ತಿತ್ತು. ನಿಲ್ಲಿಸು ಎಂದು ಕಾಲರು ಎಳೆದೆ. ಅವನಿಗೆ ಆ ಒಪ್ಪಂದ ಗೊತ್ತಿಲ್ಲದೆ ಉಸಿರು ಕಟ್ಟಿಕೊಂಡು ನಿಲ್ಲಿಸಿದ. ನಾನು ಇಳಿದು, ಎರಡೂ ಕಾಲನ್ನು ಎಡಕ್ಕೆ ಬಿಟ್ಟು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ.

ನಾಲೆಯ ಪಕ್ಕದ ಗದ್ದೆಯಲ್ಲಿ ಹೆಂಗಸರು ನಾಟಿ ಹಾಕುತ್ತಿದ್ದರು. ಒಬ್ಬಳು ಸೊಂಟ ಎತ್ತಿ ನೋಡಿದಳು.

"ಅಯ್ಯೋ ನೋಡ್ರಮ್ಮಿ, ಹೊಸ ಹೆಣ್ಣು ಗಂಡನ ಮನೆಗೆ ಓಯ್ತಾದೆ! ಮೀಸೆ ಬುಟ್ಕಂಡು!"

ಗದ್ದೆಯೆಲ್ಲ ಎದ್ದು ನಿಂತು ನಕ್ಕಿತು. "ಗಟ್ಟಿಯಾಗಿ ಹಿಡ್ಕಳವ್ವ, ಬಿದ್ದೀಯೆ!" ಎಂದಳು ಇನ್ನೊಬ್ಬಳು. ಮಂಜುನಾಥನ ಕಿವಿ ಕೆಂಪಾದದ್ದು ಹಿಂದಿನಿಂದ ಕಾಣುತ್ತಿತ್ತು. ನನಗೂ ನಗು ಬಂತು, ಅಕ್ಕ ಹೋದ ಮೇಲೆ ಮೊದಲ ಸಲ. ಬೀಳದ ಹಾಗೆ ಅವನ ಹೆಗಲನ್ನು ಹಿಡಿದುಕೊಂಡೆ. ಹಿಡಿದ ಕೈ ತಾನಾಗಿ ಬಾರಿಸತೊಡಗಿತು.

ಹಗುರ ಭಾರ, ಹಗುರ ಭಾರ, ಹಗುರ ಭಾರ, ಹಗುರ ಭಾರ. ಆಮೇಲೆ ಹಗುರ ಭಾರ, ಹಗುರ ಭಾರ, ಹಗುರ ಭಾರ. ಅಲ್ಲಿ ಒಂದು ನಿಲುಗಡೆ. ಮತ್ತೆ ನಾಲ್ಕು. ಮತ್ತೆ ಮೂರು. ಮತ್ತೆ ನಿಲುಗಡೆ. ಎಲ್ಲಾ ಬಂತು. ನನ್ನ ಕೈಯನ್ನು ನಾನೇ ಬೇರೆ ಯಾರದ್ದೋ ಎಂಬ ಹಾಗೆ ನೋಡುತ್ತಾ ಕೂತಿದ್ದೆ.

"ಸಿಕ್ತು ಅಣ್ಣ!" ಎಂದು ಮಂಜುನಾಥ ಎಮ್ಮೆ ಅಟ್ಟುವ ದನಿಯಲ್ಲಿ ಕೂಗಿ, ಸ್ಕೂಟರನ್ನು ನಾಲೆಯ ಏರಿಯ ಪಕ್ಕ ನಿಲ್ಲಿಸಿದ. "ನಾಲ್ಕು, ಮೂರು, ನಾಲ್ಕು, ಮೂರು. ಅಯಾಂಬ್."

"ಯಾವ ಪದ್ಯ?"

ಅವನ ಮುಖ ಸಣ್ಣಗಾಯಿತು. "ಅದನ್ನ ಹೇಳಕ್ಕಾಗಲ್ಲ ಅಣ್ಣ. ಆ ಕಾಲದಲ್ಲಿ ಈ ನಡಿಗೇಲಿ ಎಷ್ಟು ಜನ ಬರೆದವ್ರೆ ಅಂತೀರಿ. ಕತೆ ಹೇಳೋ ಪದ್ಯ, ದೇವರ ಹಾಡು, ಸತ್ತವರ ಮೇಲಿನ ಪದ್ಯ, ಎಲ್ಲಾ ಇದ್ರಲ್ಲೇ. ನಮ್ ಕಡೆ ಮಂಜುನಾಥ ಅಂತ ಕೂಗ್ದಂಗೆ. ಎಷ್ಟು ಜನ ತಿರುಗಿ ನೋಡ್ತಾರೆ!"

ನಾನು ನಾಲೆಯ ನೀರು ನೋಡುತ್ತಾ ನಿಂತೆ. ಮಂಡ್ಯದವರೆಗೆ ಬಂದು, ಹೊಸ ಹೆಣ್ಣಾಗಿ ಗದ್ದೆಯವರ ಕೈಲಿ ಅನ್ನಿಸಿಕೊಂಡು, ಕೊನೆಗೆ ಸಿಕ್ಕಿದ್ದು ಇಷ್ಟು.

"ಅಣ್ಣ," ಎಂದ ಅವನು, "ಮೂರು ಆದ್ಮೇಲೆ ನೀವು ಒಂದು ಕಡೆ ಬುಟ್ರಲ್ಲ, ಯಾಕೆ ಬುಟ್ರಿ?"

"ಅಕ್ಕ ಅಲ್ಲಿ ಬುಡೋಳು. ಸೆರಗು ಸರಿ ಮಾಡ್ಕತಾಳೆ ಅನ್ಕತಿದ್ದೆ."

"ಕೈ ಹೆಗಲ ಮೇಲೇ ಇರದಾ, ಎತ್ತೋರಾ?"

ಕಣ್ಣು ಮುಚ್ಚಿ ನೋಡಿದೆ. "ಎತ್ತೋಳು. ಎತ್ತಿದ್ದು ಗೊತ್ತಾಯ್ತಿತ್ತು. ಇಳೀತಿರಲಿಲ್ಲ."

"ಸೆರಗಲ್ಲ ಅಣ್ಣ ಅದು." ಅವನು ಏರಿಯ ಮೇಲೆ ಕೂತ. "ನಾನು ಒಂದು ದಿನ ಕ್ಲಾಸಲ್ಲಿ ಎದ್ದು, ಕವಿ ಒಂದೊಂದು ನುಂಗ್ಬುಟ್ಟವ್ನೆ ಅಂತ ಕೇಳಿದ್ದೆ. ಮೇಡಂ ಬಯ್ಯಲಿಲ್ಲ. ನನ್ನ ಹತ್ರ ಬಂದು, 'ನುಂಗಿಲ್ಲ ಕಣ್ಲಾ, ನಾಲ್ಕನೇದು ಅಲ್ಲೇ ಅದೆ. ಸದ್ದು ಇಲ್ಲ ಅಷ್ಟೆ. ಕೈ ಎತ್ತು. ಇಳಿಸ್ಬೇಡ. ಲೆಕ್ಕಕ್ಕೆ ಮಾತ್ರ ತಗೋ' ಅಂದ್ರು. ನಾನು ಲೆಕ್ಕಕ್ಕೆ ತಗಳ್ದೆ ಮುಂದಿನ ಸಾಲು ಓದ್ದೆ. ಎಲ್ಲಾ ಮುಗ್ಗರಿಸ್ತು. 'ನೋಡ್ದಾ, ಇಲ್ಲದ್ದನ್ನ ಎಣಿಸ್ದೆ ಹೋದ್ರೆ ಇರೋದೂ ಕೆಡ್ತದೆ' ಅಂದ್ರು."

ಮರಳುವಾಗ ಗದ್ದೆಯ ಹೆಂಗಸರು, "ಓ, ತವರಿಗೆ ವಾಪಸ್ ಬತ್ತಾದೆ, ಅತ್ತೆ ಕಾಟ ಇರ್ಬೇಕು!" ಎಂದರು.

ಮಾರನೆಯ ಬೆಳಿಗ್ಗೆ ಎಂದಿನಂತೆ ಒಬ್ಬನೇ ಮಳವಳ್ಳಿಗೆ ಹೊರಟೆ. ರಾಮಣ್ಣ ಗುಂಡಿ ಹಾಕಿಕೊಟ್ಟ ಅದೇ ಅಂಗಿ. ಸವೆದ ಹೆಗಲಿನಿಂದ ಗಾಳಿ ನೇರವಾಗಿ ಮೈಗೆ ತಾಗುತ್ತಿತ್ತು. ಕೆ.ಎಂ. ದೊಡ್ಡಿ ಹತ್ತಿರವಾಗುತ್ತಿದ್ದಂತೆ ನಾನು ಹೆಗಲಿನಲ್ಲಿ ಎಣಿಸತೊಡಗಿದೆ. ನಾಲ್ಕು ಸರಿಯಾಗಿ ಬಂತು. ಮೂರು ಸರಿಯಾಗಿ ಬಂತು. ಆಮೇಲೆ ಆತುರಪಡದೆ, ಮುಂದಿನ ಸಾಲಿಗೆ ಹಾರದೆ, ಎತ್ತಿದ ಕೈಗಾಗಿ ಕಾದೆ.

ಏನಾಯಿತೆಂದು ಸರಿಯಾಗಿ ಹೇಳಲಾರೆ. ನಾನು ಬ್ರೇಕು ಹಾಕಿದ್ದೆ.

ಹಿಂದೆ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರು ಕಿರ್ರನೆ ನಿಂತಿತು. ಮೇಲಿನಿಂದ ಒಬ್ಬ ತಲೆಗೆ ಟವೆಲ್ಲು ಸುತ್ತಿದ ಯಜಮಾನ ಬಗ್ಗಿ ನೋಡಿದ.

"ಲೋ, ನಡು ರೋಡಲ್ಲಿ ಯಾಕ್ಲಾ ನಿಲ್ಸ್‌ಬುಟ್ಟೆ? ಸಾಯಕ್ಕೆ ಬಂದಿದ್ದೀಯಾ?"

"ಇಂದ್ಗಡೆಯಿಂದ ಗುದ್ದುದ್ರು ಕಣಣ್ಣ" ಎಂದೆ. ಬಾಯಿಗೆ ಬಂದದ್ದು ಅದೇ.

"ಯಾರ್ಲಾ ಗುದ್ದುದ್ರು?"

"ನಮ್ಮಕ್ಕ."

ಅವನು ಖಾಲಿ ಸೀಟನ್ನು ನೋಡಿದ. ನನ್ನನ್ನು ನೋಡಿದ. ನನ್ನ ಮುಖದಲ್ಲಿ ಏನು ಕಂಡನೋ, ಬೈಯಲು ತೆರೆದ ಬಾಯಿ ಮುಚ್ಚಿತು. ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ.

"ಅಂಗಾರೆ ಪಕ್ಕಕ್ಕಾದ್ರೂ ನಿಲ್ಸಪ್ಪ," ಎಂದ. "ಆಯಮ್ಮಂಗೂ ಏಟಾಯ್ತದೆ."

ಪಕ್ಕಕ್ಕೆ ನಿಲ್ಲಿಸಿದೆ.